ಅಪ್ಪನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದು, ನುಡಿ ಫೈಲುಗಳನ್ನ ಯೂನಿಕೋಡಿಗೆ ತಂದಿದ್ದು

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತ ಮೇಲೆ ಗೊತ್ತಿರೋರೆಲ್ಲ ಕೇಳೋದು ಒಂದೇ, ಮನೇಲಿರೋ ಹಳೇ ಲ್ಯಾಪ್‌ಟಾಪ್ ಏನ್ ಮಾಡೋದು ಅಂತ. ನಮ್ಮನೇಲೂ ಅದೇ ಕಥೆ. ಅಪ್ಪಂದು ಐದನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ಹಳೇ ಕಾಲದ ತಿರುಗೋ ಹಾರ್ಡ್ ಡಿಸ್ಕ್. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಶನ್ನಿಂದ ಮೇಲೆ ಇರ್ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇದಕ್ಕೆ ಎರಡೂ ಇಲ್ಲ. ಅಂಗಡೀಲಿ ಕೇಳಿದ್ರೆ ಹೊಸದು ತಗೊಂಡ್ಬಿಡಿ ಅಂದ್ರು. ಮೈಕ್ರೋಸಾಫ್ಟ್ ಅಕೌಂಟ್ ಸೇರಿಸಿದ್ರೆ ಇನ್ನೊಂದು ವರ್ಷ, ಅಂದ್ರೆ 2026ರ ಅಕ್ಟೋಬರ್ ತನಕ ಸೆಕ್ಯುರಿಟಿ ಅಪ್ಡೇಟ್ ಸಿಗುತ್ತೆ, ಆದ್ರೆ ಆಮೇಲೆ ಮತ್ತೆ ಅದೇ ಪ್ರಶ್ನೆ ತಾನೇ.

ಅಪ್ಪ ರಿಟೈರ್ಡ್ ಮೇಷ್ಟ್ರು, ನಿವೃತ್ತ ನೌಕರರ ಸಂಘದಲ್ಲಿ ಕಾರ್ಯದರ್ಶಿ. ಅವರ ಕೆಲಸ ಏನು ಅಂತ ಕೂತು ನೋಡಿದೆ. ನಡಾವಳಿ ಟೈಪ್ ಮಾಡೋದು, ಖಜಾನೆಗೆ ಪಿಂಚಣಿ ವಿಷಯವಾಗಿ ಪತ್ರ, ಪ್ರಿಂಟು, ಯೂಟ್ಯೂಬಲ್ಲಿ ಹರಿಕಥೆ, ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡು. ಇಷ್ಟೇ. ಇದ್ಯಾವುದಕ್ಕೂ ಹೊಸ ಲ್ಯಾಪ್‌ಟಾಪ್ ಬೇಕಾಗಿಲ್ಲ. ಟ್ಯಾಲಿ ಬಳಸೋರು, ಡಿಜಿಟಲ್ ಸಿಗ್ನೇಚರ್ ಡಾಂಗಲ್ ಇಟ್ಕೊಂಡಿರೋರು ಆಗಿದ್ರೆ ವಿಂಡೋಸ್ ಬದಲಿಗೆ ಹಾಕೋ ಲಿನಕ್ಸ್ ಬೇಡ ಅಂತ ನಾನೇ ಅಂತಿದ್ದೆ, ಅವರು ವಿಂಡೋಸಲ್ಲೇ ಇರೋದು ಒಳ್ಳೇದು.

ನಿಜವಾದ ಸಮಸ್ಯೆ ಲ್ಯಾಪ್‌ಟಾಪಲ್ಲಿ ಇರ್ಲಿಲ್ಲ, ಫೈಲುಗಳಲ್ಲಿತ್ತು. ಹದಿನೈದಕ್ಕೂ ಹೆಚ್ಚು ವರ್ಷದ ನಡಾವಳಿ, ಭಾಷಣ, ನಮ್ಮ ಮನೆತನದ ವಂಶವೃಕ್ಷ, ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ. ಈ ಫೈಲ್ ಒಳಗಡೆ ಕನ್ನಡ ಅನ್ನೋದೇ ಇಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚಿತ್ರ ಕೂರಿಸಿರ್ತಾರೆ, ಫಾಂಟ್ ಇದ್ರೆ ಕನ್ನಡ ಕಾಣುತ್ತೆ, ಇಲ್ದಿದ್ರೆ ‘ಕನ್ನಡ’ ಅನ್ನೋ ಪದ ಕ್ಯಾಪಿಟಲ್ ಪಿ ಇಂದ ಶುರುವಾಗಿ ಮಧ್ಯೆ ಒಂದು ಪೌಂಡ್ ಚಿಹ್ನೆ, ಅಲ್ಲಲ್ಲಿ ತಲೆ ಮೇಲೆ ಗೆರೆ ಇರೋ ಎ ಅಕ್ಷರ, ಹಿಂಗೆ ಕಾಣುತ್ತೆ. ಅಪ್ಪ ಇಂಥ ಪತ್ರಾನ ವಾಟ್ಸಾಪಲ್ಲಿ ಕಳಿಸಿದ್ರೆ ಸಂಘದವರ ಮೊಬೈಲಲ್ಲಿ ತೆರ್ಕೊಳ್ಳೋದು ಇದೇ. ಆವಾಗ ಬೇರೆ ದಾರಿ ಇರ್ಲಿಲ್ಲ, ಅದನ್ನ ತಪ್ಪು ಅನ್ನೋಕಾಗಲ್ಲ, ವಿಂಡೋಸಲ್ಲಿ ಯೂನಿಕೋಡ್, ಅಂದ್ರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಕೋಡ್ ಇರೋ ಕನ್ನಡ ಸರಿಯಾಗಿ ಕಂಡಿದ್ದೇ 2001ರ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದ ಮೇಲೆ, ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಆಸ್ಕಿ ಅದಾದ ಮೇಲೂ ಎಷ್ಟೋ ವರ್ಷ ನಡೀತು. ಅದಕ್ಕೇ ನಾನು ಹೇಳೋದು, ವಿಂಡೋಸಾ ಲಿನಕ್ಸಾ ಅನ್ನೋದು ಆಮೇಲೆ, ಮೊದಲು ನಿಮ್ಮ ಮನೇಲಿರೋ ಕನ್ನಡ ಬರಹ ಯಾವ ರೂಪದಲ್ಲಿದೆ ನೋಡಿ. ಕಂಪ್ಯೂಟರ್ ಬದಲಾಯಿಸ್ಬೋದು, ಬರೆದಿರೋದು ಹೋದ್ರೆ ವಾಪಸ್ ಬರಲ್ಲ.

ಹಾಗಾಗಿ ವಿಂಡೋಸ್ ಇನ್ನೂ ಇರೋವಾಗ್ಲೇ ಎರಡು ಕೆಲಸ ಮಾಡಿದೆ. ಎಲ್ಲಾ ಫೈಲುಗಳ ಕಾಪಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ, ಜೊತೆಗೆ ಮುಖ್ಯವಾದ ಪ್ರತಿಯೊಂದರ ಪಿಡಿಎಫ್. ಪಿಡಿಎಫ್ ಒಳಗೆ ಫಾಂಟ್ ಸೇರ್ಕೊಂಡಿರುತ್ತೆ, ಮುಂದೆ ಮೂಲದಲ್ಲಿ ಏನಿತ್ತು ಅಂತ ನೋಡೋಕೆ ಅದೇ ಸಾಕ್ಷಿ. ನುಡಿ ಫಾಂಟ್ ಫೈಲುಗಳನ್ನೂ ಕಾಪಿ ಮಾಡಿಟ್ಕೊಂಡೆ.

ಆಮೇಲೆ ಹಾರ್ಡ್ ಡಿಸ್ಕ್ ತೆಗೆದು ತಿರುಗೋ ಭಾಗ ಇಲ್ದಿರೋ, ವೇಗದ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದ್ದು, ರ‍್ಯಾಮ್ 8 ಜಿಬಿ ಮಾಡಿದ್ದು. ಹಳೇ ಲ್ಯಾಪ್‌ಟಾಪಿಗೆ ದುಡ್ಡು ಹಾಕೋದಾದ್ರೆ ಮೊದಲು ಎಸ್‌ಎಸ್‌ಡಿಗೆ ಹಾಕಿ, ಬೇರೆ ಏನೂ ಮಾಡ್ದಿದ್ರೂ ಪರವಾಗಿಲ್ಲ. ಲಿನಕ್ಸಲ್ಲಿರೋ ಹಲವು ಬಗೆಗಳಲ್ಲಿ ಲಿನಕ್ಸ್ ಮಿಂಟ್ 22 ಆರಿಸ್ಕೊಂಡೆ, ಸಿನಮನ್ ಆವೃತ್ತಿ. ಕೆಳಗೆ ಟಾಸ್ಕ್‌ಬಾರು, ಎಡಗಡೆ ಮೆನು, ವಿಂಡೋಸ್ ಅಭ್ಯಾಸ ಇರೋರಿಗೆ ಕೈ ತಡವರಿಸಲ್ಲ, ಮತ್ತೆ 2029ರ ತನಕ ಅಪ್ಡೇಟ್ ಇದೆ. ಇನ್ಸ್ಟಾಲ್ ಮಾಡೋಕೆ ಮುಂಚೆ ಪೆನ್‌ಡ್ರೈವಿಂದಲೇ ಬೂಟ್ ಮಾಡಿ ವೈಫೈ, ಸೌಂಡು, ಪ್ರಿಂಟರ್ ಮೂರೂ ನೋಡ್ಕೊಂಡೆ. ಪ್ರಿಂಟರ್ ಅಂತೂ ಕಡ್ಡಾಯ ನೋಡಿ, ಕೆಲವು ಹಳೇ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸಲ್ಲಿ ಡ್ರೈವರ್ ತಲೆನೋವು. ನಮ್ಮದು ತಂತಾನೇ ಸಿಕ್ತು. ಇನ್ಸ್ಟಾಲೇಶನ್ ಬಗ್ಗೆ ಬರೆಯೋಕೆ ಏನೂ ಇಲ್ಲ, ಮುಂದೆ ಮುಂದೆ ಅಂತ ಒತ್ತಿದ್ರೆ ಮುಗೀತು.

ಕೀಬೋರ್ಡ್ ಮಾತ್ರ ಸ್ವಲ್ಪ ಆಟ ಆಡಿಸ್ತು. ಅಪ್ಪಂಗೆ ಕೈಗೆ ಕೂತಿರೋದು ಕೆ.ಪಿ. ರಾವ್ ಅವರ ವಿನ್ಯಾಸ, ಅದೇ ನುಡಿ ಕೀಬೋರ್ಡು, ಒತ್ತಕ್ಷರಕ್ಕೆ ಎಫ್ ಒತ್ತೋದು. ಮಿಂಟಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋದ್ರೆ ಕನ್ನಡ ಕಗಪ ಅಂತ ಪಟ್ಟೀಲೇ ಇದೆ, ಹಾಕಿದೆ, ಆದ್ರೆ ಅದ್ರಲ್ಲಿ ಪದದ ಶುರುವಲ್ಲಿ ಬರೋ ಸ್ವರಕ್ಕೆ ಬಲಗಡೆ ಆಲ್ಟ್ ಹಿಡ್ಕೋಬೇಕು. ‘ಆದೇಶ’ ಅಂತ ಹೊಡೆಯೋಕೆ ಹೋಗಿ ಬರೀ ದೀರ್ಘ ಬಂತು, ಅಪ್ಪ ‘ಏನೋ ಇದು, ತಲೇನೇ ಇಲ್ವಲ್ಲೋ’ ಅಂದ್ರು. ಅದನ್ನ ತೆಗೆದು ಐಬಸ್ ಅನ್ನೋ ಟೈಪಿಂಗ್ ಸಾಧನಕ್ಕೆ ಸೇರಿಸೋ ಎಂ17ಎನ್ ಪ್ಯಾಕೇಜ್ ಹಾಕಿ ಅದರೊಳಗಿನ ಕೆಜಿಪಿ ಆರಿಸ್ದೆ. ಸ್ವರ ಮೊದಲು ಬಂದ್ರೆ ಸ್ವರ, ವ್ಯಂಜನದ ಮುಂದೆ ಬಂದ್ರೆ ಕಾಗುಣಿತ, ನುಡೀಲಿ ಹೆಂಗಿತ್ತೋ ಹಂಗೇ. ಅಲ್ಲಿಂದಾಚೆ ಅಪ್ಪ ಕೀಬೋರ್ಡ್ ಬಗ್ಗೆ ಮಾತೇ ಎತ್ತಿಲ್ಲ. ವಯಸ್ಸಾದವರಿಗೆ ಮೌಸು ಮೆನು ಬದಲಾದ್ರೆ ಹೊಂದ್ಕೋತಾರೆ, ಟೈಪಿಂಗ್ ಬದಲಾದ್ರೆ ಬರೆಯೋದನ್ನೇ ಬಿಟ್ಬಿಡ್ತಾರೆ, ಇದು ನಾನು ಖಂಡಿತ ಹೇಳ್ಬಲ್ಲೆ.

ಇನ್ನು ಕನ್ವರ್ಶನ್ನು. ಕಾಪಿ ಮಾಡಿಟ್ಟಿದ್ದ ನುಡಿ ಫಾಂಟ್‌ಗಳನ್ನ ಮಿಂಟಿಗೆ ಹಾಕಿದ್ಮೇಲೆ ಹಳೇ ಡಾಕ್ ಫೈಲುಗಳು ಎಂಎಸ್ ಆಫೀಸ್ ಥರದ ಲಿಬ್ರೆಆಫೀಸಲ್ಲಿ ಚೆನ್ನಾಗೇ ತೆರ್ಕೊಂಡ್ವು, ಅಲ್ಲಿಂದ ಟೆಕ್ಸ್ಟ್ ಕಾಪಿ ಮಾಡಿ ಆಸ್ಕಿ ಟು ಯೂನಿಕೋಡ್ ಕನ್ವರ್ಟರಿಗೆ ಹಾಕೋದು, ಬಂದಿದ್ದನ್ನ ಹೊಸ ಫೈಲಿಗೆ ಪೇಸ್ಟ್ ಮಾಡೋದು. ಮುಕ್ಕಾಲು ಪಾಲು ಕಣ್ಣುಮುಚ್ಚಿ ಒಪ್ಕೋಬೋದು. ತೊಂದ್ರೆ ಕೊಡೋದು ಎರಡು ಕಡೆ. ಒಂದು, ಮಧ್ಯೆ ಇರೋ ಇಂಗ್ಲಿಷ್. ಕನ್ವರ್ಟರಿಗೆ ಅದೂ ಇಂಗ್ಲಿಷ್ ಅಕ್ಷರಾನೇ ಇದೂ ಇಂಗ್ಲಿಷ್ ಅಕ್ಷರಾನೇ, ಹಾಗಾಗಿ ಈಮೇಲ್ ವಿಳಾಸ, ‘ಎಸ್‌ಬಿಐ’ ಅಂತ ಇಂಗ್ಲಿಷಲ್ಲಿ ಬರ್ದಿದ್ದು ಎಲ್ಲಾ ಅರ್ಥ ಇಲ್ದಿರೋ ಕನ್ನಡ ಆಗಿ ಹೊರಗೆ ಬರುತ್ತೆ. ಇನ್ನೊಂದು ಅರ್ಕಾವತ್ತು. ‘ಕಾರ್ಯದರ್ಶಿ’ ತಗೊಳ್ಳಿ, ಕಣ್ಣಿಗೆ ಅರ್ಕಾವತ್ತು ಅಕ್ಷರದ ಆಚೆ ಕಾಣುತ್ತೆ, ಹಳೇ ಫಾಂಟಲ್ಲಿ ಕೋಡೂ ಹಂಗೇ ಆಮೇಲೆ ಬರುತ್ತೆ. ಯೂನಿಕೋಡಲ್ಲಿ ಉಚ್ಚಾರಣೆ ಹೆಂಗೋ ಹಂಗೆ, ಮೊದಲು ರ್ ಆಮೇಲೆ ಯ. ಕನ್ವರ್ಟರ್ ಅದನ್ನ ಎತ್ತಿ ಹಿಂದಕ್ಕೆ ಕೂರಿಸ್ಬೇಕು, ಎಲ್ಲಾದ್ರೂ ಮಧ್ಯೆ ಒಂದು ಸ್ಪೇಸ್ ಬಿದ್ದಿದ್ರೆ ಗಲಿಬಿಲಿ ಆಗುತ್ತೆ. ಸಂಘದ ಫೈಲಲ್ಲಿ ಕಾರ್ಯದರ್ಶಿ, ವಾರ್ಷಿಕ, ತೀರ್ಮಾನ ಇಲ್ದಿರೋ ಪುಟಾನೇ ಇಲ್ಲ, ಅದಕ್ಕೇ ಒಂದೊಂದೂ ಓದ್ಲೇಬೇಕಾಯ್ತು.

ಸಂಜೆ ಹೊತ್ತು ಅಮ್ಮ ಪಿಡಿಎಫ್ ಪ್ರಿಂಟ್ ಹಿಡ್ಕೊಂಡು ಗಟ್ಟಿಯಾಗಿ ಓದೋರು, ಅಪ್ಪ ಪರದೆ ನೋಡಿ ತಿದ್ದೋರು. ಹಳೇ ಹೆಸರುಗಳು ಬಂದಾಗ ಇಬ್ರೂ ನಿಲ್ಲಿಸಿ ಅವರ ಮಕ್ಕಳು ಮರಿ ವಿಷಯಕ್ಕೆ ಹೋಗ್ಬಿಡೋರು, ಕೆಲಸ ನಿಧಾನ ಆಯ್ತು, ಆಗ್ಲಿ. ನಿಮ್ಮಲ್ಲಿ ಶ್ರೀಲಿಪಿ ಥರದ ಬೇರೆ ಕನ್ನಡ ಸಾಫ್ಟ್‌ವೇರಿನ ಫೈಲ್ ಇದ್ರೆ ಒಂದು ಮಾತು, ಅದರ ಒಳಗಿನ ಕೋಡ್ ಬೇರೆ ಇರ್ಬೋದು, ಮೊದಲು ಫಾಂಟ್ ಹೆಸರು ನೋಡಿ ಅದಕ್ಕೆ ಸರಿಯಾದ ಕನ್ವರ್ಟರ್ ಹುಡುಕಿ. ಮೂಲ ಫೈಲ್ ಮಾತ್ರ ಯಾವ ಕಾರಣಕ್ಕೂ ಅಳಿಸ್ಬೇಡಿ.

ಈಗ ಅಪ್ಪ ಫೋಲ್ಡರಲ್ಲಿ ‘ತುಟ್ಟಿಭತ್ಯೆ’ ಅಂತ ಹುಡುಕಿದ್ರೆ ಯಾವ ವರ್ಷದ ಯಾವ ಸಭೇಲಿ ಅದರ ಬಗ್ಗೆ ಠರಾವು ಆಯ್ತು ಅಂತ ಸಿಗುತ್ತೆ, ಅದನ್ನೇ ಕಾಪಿ ಮಾಡಿ ಗ್ರೂಪಿಗೆ ಹಾಕಿದ್ರೆ ಎಲ್ಲರ ಮೊಬೈಲಲ್ಲೂ ಓದೋಕೆ ಬರುತ್ತೆ. ಇದನ್ನ ನೋಡಿ ಸಂಘದ ಇನ್ನಿಬ್ರು ತಮ್ಮ ಪೆನ್‌ಡ್ರೈವ್ ತಂದು ಕೊಟ್ಟಿದಾರೆ. ಉಳಿದಿರೋದು ಸಂಘದ ಸ್ಮರಣ ಸಂಚಿಕೆ, ಅದು ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸ ಸಾಫ್ಟ್‌ವೇರಿನ ಫೈಲು. ಲಿಬ್ರೆಆಫೀಸ್ ಡ್ರಾನಲ್ಲಿ ತೆರೆಯೋ ಸೌಲಭ್ಯ ಇದೆ, ಈ ಭಾನುವಾರ ಅದನ್ನ ಇಟ್ಕೊಂಡು ಕೂರ್ತೀವಿ.