ರಾಜಿ ಮಾಡಿಸುವುದನ್ನು ನಾನು ನಿಲ್ಲಿಸಿದ್ದು

ಹಿಂಸೆಗೊಳಗಾದ ಮಹಿಳೆಯರಿಗೆ ನೆರವಾಗುವ ತಾಲ್ಲೂಕಿನ ಸಾಂತ್ವನ ಕೇಂದ್ರಕ್ಕೆ ಆಪ್ತಸಮಾಲೋಚಕಿಯಾಗಿ ಸೇರಿದ ಹೊಸತರಲ್ಲಿ, ದಂಪತಿಯನ್ನು ಎದುರುಬದುರು ಕೂರಿಸಿ, ಹಿರಿಯರ ಮುಂದೆ ಬುದ್ಧಿ ಹೇಳಿಸಿ, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸುವುದನ್ನೇ ನಾನು ಯಶಸ್ಸೆಂದು ತಿಳಿದಿದ್ದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನನ್ನ ಬಾಯಲ್ಲೂ ಬರುತ್ತಿತ್ತು. ಹಾಗೆ ರಾಜಿಯಾಗಿ ಹೋದ ಒಬ್ಬಾಕೆ ಮೂರೇ ವಾರದಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು, ‘ಇಲ್ಲಿ ಆಡಿದ ಒಂದೊಂದು ಮಾತಿಗೂ ಮನೆಯಲ್ಲಿ ಲೆಕ್ಕ ತೀರಿಸಿದರು’ ಎಂದಳು.

ಅಂದಿನಿಂದ ಹೆಣ್ಣುಮಗಳನ್ನು ಒಬ್ಬಳನ್ನೇ ಮಾತನಾಡಿಸುತ್ತೇನೆ. ಜೊತೆಗೆ ಬಂದ ಅಣ್ಣನೂ ಹೊರಗೇ ಕೂರಬೇಕು. ‘ಹೊಡೆಯುತ್ತಾರೆಯೇ’ ಎಂದು ಕೇಳಿದರೆ ‘ಎಲ್ಲರ ಮನೆಯಲ್ಲೂ ಇದ್ದದ್ದೇ’ ಎಂಬ ಉತ್ತರ ಬರುವುದರಿಂದ, ಕೂಲಿ ಹಣ ಯಾರ ಕೈ ಸೇರುತ್ತದೆ, ತವರಿಗೆ ಹೋಗಲು ಯಾರನ್ನು ಕೇಳಬೇಕು ಎಂಬುದರಿಂದ ಆರಂಭಿಸುತ್ತೇನೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಹಣಕಾಸಿನ ಹಿಂಸೆಯನ್ನೂ ಬೈಗುಳವನ್ನೂ ಹಿಂಸೆಯೆಂದೇ ಎಣಿಸುತ್ತದೆ. ಕತ್ತು ಹಿಸುಕಿದ್ದುಂಟೇ ಎಂದು ಮಾತ್ರ ತಪ್ಪದೆ ಕೇಳುತ್ತೇನೆ, ಏಕೆಂದರೆ ಹೊರಗೆ ಗಾಯ ಕಾಣದಿದ್ದರೂ ಅದು ಕೊಲೆಯ ಅಪಾಯದ ದೊಡ್ಡ ಮುನ್ಸೂಚನೆ.

ನ್ಯಾಯಾಲಯಕ್ಕೆ ಅರ್ಜಿ ಹಾಕುವಾಗ ಹಿಂಸೆಯ ವಿವರ ದಾಖಲಿಸುವ ಕೌಟುಂಬಿಕ ಘಟನಾ ವರದಿ ತುಂಬಲು ನೆರವಾಗುವಾಗ ‘ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡಿರುತ್ತಾರೆ’ ಎಂಬ ಸಿದ್ಧವಾಕ್ಯವನ್ನು ಈಗ ಬಳಸುವುದಿಲ್ಲ. ತಾರೀಖು ನೆನಪಿಲ್ಲದವರಿಗೂ ರಾಗಿ ಒಕ್ಕಣೆ, ಊರಹಬ್ಬ, ಮಗುವಿಗೆ ಲಸಿಕೆ ಹಾಕಿಸಿದ ದಿನ ನೆನಪಿರುತ್ತವೆ. ತಾಯಿ ಕಾರ್ಡ್ ತೆರೆದರೆ ಆ ಕೊನೆಯದರ ತಾರೀಖೇ ಸಿಗುತ್ತದೆ. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕೆಂಬುದು ಕಾಯ್ದೆಯ ಆಶಯವಾದರೂ ಅಷ್ಟರಲ್ಲಿ ಮುಗಿದದ್ದನ್ನು ನಾನು ಕಂಡದ್ದು ಅಪರೂಪ. ಆದ್ದರಿಂದ ಅಂತಿಮ ಆದೇಶಕ್ಕೆ ಮುನ್ನವೇ ರಕ್ಷಣೆ ಕೊಡುವ 23ನೇ ಕಲಮಿನ ಮಧ್ಯಂತರ ಆದೇಶವನ್ನು ಮೊದಲೇ ಕೋರುವಂತೆ ಹೇಳುತ್ತೇವೆ. ಮನೆ ಗಂಡನ ಅಥವಾ ಅತ್ತೆಯ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು 17ನೇ ಕಲಮಿನಂತೆ ಆಕೆಗಿದೆ ಎಂದಾಗ ಹೆಚ್ಚಿನವರು ನಂಬುವುದೇ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಸುಮಾರು ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಸ್ವಸಹಾಯ ಸಂಘದ ಸಭೆಗಳಲ್ಲಿ ಈ ಅಂಕಿಯನ್ನು ಹೇಳಿದಾಗ ಯಾರೂ ಅಚ್ಚರಿಪಡುವುದಿಲ್ಲ. ಅಚ್ಚರಿಪಡುವವರು ಪಂಚಾಯಿತಿ ಕಟ್ಟೆಯ ಹಿರಿಯರು, ಅದಕ್ಕೇ ಈಗ ಮೊದಲು ಅವರ ಬಳಿಗೆ ಹೋಗುತ್ತೇನೆ.

ಮನೆ ಬಿಡುವ ನಿರ್ಧಾರವನ್ನು ನಾನು ಯಾರ ಪರವಾಗಿಯೂ ಮಾಡುವುದಿಲ್ಲ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರಗಳನ್ನು ಕಟ್ಟಿ ನಂಬಿಕೆಯ ನೆರೆಮನೆಯಲ್ಲಿಡಿ, ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಕರೆಯ 112 ಎಂಬ ಸಂಖ್ಯೆಗಳನ್ನು ಬಾಯಿಪಾಠ ಮಾಡಿ ಎನ್ನುತ್ತೇನೆ. ಒಬ್ಬಾಕೆಯ ಆ ಕಟ್ಟು ಪಕ್ಕದ ಮನೆಯ ರಾಗಿ ಡಬ್ಬದಲ್ಲಿ ಎರಡು ವರ್ಷ ಇತ್ತು. ಆಕೆಯನ್ನು ನಾನು ಅವಸರಿಸಲಿಲ್ಲ.