ಹಳೇ ಜಿಪ್ಸಿ ಕೊಂಡು ಬಂಡೆ ಹತ್ತುವ ಗಾಡಿ ಮಾಡಿಕೊಳ್ಳುವುದು ಹೇಗೆ

ಹಳೇ ಮಾರುತಿ ಜಿಪ್ಸಿ ಕೊಂಡವರು ಮೊದಲು ಮಾಡುವ ಕೆಲಸ ಗೊತ್ತಲ್ವಾ? ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದಪ್ಪ ಟೈರು, ಮೇಲೆ ಸಾಲಾಗಿ ಲೈಟು. ಫೋಟೋಗೆ ಚೆನ್ನಾಗಿಯೇ ಇರುತ್ತದೆ. ಆದರೆ ಬಂಡೆ ಮೇಲೆ ಬೇಕಾಗಿರುವುದು ನಿಧಾನ. ನಡೆದು ಹೋಗುವ ಮನುಷ್ಯನಿಗಿಂತ ನಿಧಾನವಾಗಿ, ಕ್ಲಚ್ ಮುಟ್ಟದೆ, ಆದಷ್ಟೂ ನಾಲ್ಕು ಚಕ್ರ ನೆಲ ಬಿಡದ ಹಾಗೆ ಗಾಡಿ ತೆವಳಬೇಕು. ಹಾಗಾಗಿ ದುಡ್ಡು ಹಾಕುವ ಕ್ರಮವೇ ಬೇರೆ. ಮೊದಲು ಪೇಪರ್ ಮತ್ತು ಚಾಸಿಸ್, ಆಮೇಲೆ ಸವೆದ ಪಾರ್ಟ್‌ಗಳು, ಆಮೇಲೆ ಟೈರು, ಗೇರು, ಲಾಕರ್ (ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ಸುತ್ತುವ ಹಾಗೆ ಮಾಡುವ ಪಾರ್ಟ್). ಲಿಫ್ಟು, ಬಣ್ಣ, ಸೀಟು ಎಲ್ಲ ಕೊನೆಗೆ.

ಜಿಪ್ಸಿಯೇ ಯಾಕೆ ಅಂದರೆ ಅದರ ತೂಕ ಸುಮಾರು ಒಂದು ಟನ್ ಅಷ್ಟೇ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಮಹೀಂದ್ರದ ಹಳೇ ಎಂಎಂ540, ಸಿಜೆ ಜೀಪುಗಳೂ ಹೀಗೇ ಇವೆ, ಅವೂ ಒಳ್ಳೆಯವೇ. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾದರಿಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವುದು) ಇದೆ, ರೋಡಿಗೆ ಸುಖ, ಬಂಡೆಗೆ ಅಷ್ಟು ಹೊಂದುವುದಿಲ್ಲ. ಜಿಪ್ಸಿಯಲ್ಲಿ 1985ರ ಕೊನೆಗೆ ಬಂದ ಎಂಜಿ410ಗೆ 970 ಸಿಸಿ ಎಂಜಿನ್. 1996ರಲ್ಲಿ ಬಂದ ಕಿಂಗ್‌ಗೆ 1298 ಸಿಸಿ. 2000ದಿಂದ ಅದಕ್ಕೇ ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಬಂತು, ಪವರ್ 80 ಎಚ್‌ಪಿಗೆ ಏರಿತು. ಸಿಕ್ಕರೆ ಎಂಪಿಎಫ್‌ಐ ಹುಡುಕಿ. ಕಾರ್ಬುರೇಟರ್ ಗಾಡಿ ಕಡಿದಾದ ಏರಿನಲ್ಲಿ ಮೂತಿ ಮೇಲೆ ಮಾಡಿದಾಗ ಒಳಗಿನ ಪೆಟ್ರೋಲ್ ಒಂದು ಕಡೆ ಸರಿಯುತ್ತದೆ, ಎಂಜಿನ್ ಸರಿಯಾಗಿ ಆಗಲೇ ಆಫ್ ಆಗುತ್ತದೆ.

2019ರಲ್ಲಿ ನಮಗೆ ನಿಮಗೆ ಮಾರುವುದು ನಿಂತ ಮೇಲೆ ಜಿಪ್ಸಿ ರೇಟು ಕೈಗೆ ಸಿಗುತ್ತಿಲ್ಲ. ಅದಕ್ಕೇ ಜನ ಮಿಲಿಟರಿ ಹರಾಜಿನ ಗಾಡಿಗೆ, ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಕಟ್ಟಿಕೊಡುವ ಗಾಡಿಗೆ ಹೋಗುತ್ತಾರೆ. ಹೋಗಿ, ತಪ್ಪಿಲ್ಲ, ಆದರೆ ಆರ್‌ಸಿಯಲ್ಲಿರುವ ಚಾಸಿಸ್ ನಂಬರೂ ಚಾಸಿಸ್ ಮೇಲೆ ಕೊರೆದ ನಂಬರೂ ಒಂದೇನಾ ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ. ಒಂದು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ನಂಬರ್ ಅಚ್ಚು ಬರುತ್ತದೆ. ಅಕ್ಷರ ಸೊಟ್ಟಗಿದ್ದರೆ, ಸುತ್ತ ಗ್ರೈಂಡರ್ ಓಡಿಸಿದ ಗುರುತಿದ್ದರೆ ಸುಮ್ನೆ ವಾಪಸ್ ಬನ್ನಿ. ಹೊರ ರಾಜ್ಯದ ಗಾಡಿಗೆ ಎನ್‌ಒಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು. 15 ವರ್ಷ ದಾಟಿದ್ದರೆ ರಿಜಿಸ್ಟ್ರೇಷನ್ ರಿನ್ಯೂ ಆಗಿದೆಯಾ, ಎಲ್ಲಿವರೆಗೆ ಇದೆ ಅನ್ನುವುದನ್ನೂ ನೋಡಿಕೊಳ್ಳಿ.

ಇನ್ನು ತುಕ್ಕು. ಮಲೆನಾಡಲ್ಲಿ, ಕರಾವಳಿಯಲ್ಲಿ ಓಡಿದ ಗಾಡಿಗೆ ಹೊರಗೆ ಹೊಸ ಪೇಂಟ್ ಹೊಳೆಯುತ್ತಿದ್ದರೆ ಅನುಮಾನ ಜಾಸ್ತಿ ಇರಲಿ. ಜೊತೆಗೆ ಒಂದು ಆಯಸ್ಕಾಂತ, ಒಂದು ಸಣ್ಣ ಸುತ್ತಿಗೆ ಒಯ್ಯಿರಿ. ಆಯಸ್ಕಾಂತ ಹಿಡಿಯದ ಕಡೆ ಒಳಗೆ ಪುಟ್ಟಿ (ತೂತು ಮುಚ್ಚುವ ಲೇಪ) ಮೆತ್ತಿದ್ದಾರೆ ಅಂತ ಅರ್ಥ. ಮ್ಯಾಟ್ ಎತ್ತಿ ಡ್ರೈವರ್ ಕಾಲಿನ ಕೆಳಗೆ ನೋಡಿ, ಹಿಂದಿನ ಚಕ್ರದ ಮೇಲಿನ ಮೂಲೆ ನೋಡಿ, ಬಾಡಿಯನ್ನು ಚಾಸಿಸ್‌ಗೆ ಕಟ್ಟಿರುವ ಬೋಲ್ಟುಗಳ ಸುತ್ತ ನೋಡಿ. ಆಮೇಲೆ ಕೆಳಗೆ ಮಲಗಿ, ಸ್ಪ್ರಿಂಗ್ ಕಚ್ಚಿಕೊಂಡಿರುವ ಜಾಗದಲ್ಲಿ ಚಾಸಿಸ್‌ಗೆ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಫ್ಲೋರ್ ಕೊಳೆತಿದ್ದರೆ ತೊಂದರೆ ಇಲ್ಲ, ಒಳ್ಳೆಯ ಟಿಂಕರ್ ಹೊಸ ಶೀಟ್ ಹಾಕುತ್ತಾನೆ. ಚಾಸಿಸ್ ಕೊಳೆತಿದ್ದರೆ ಬೇರೆ ಗಾಡಿ ನೋಡಿ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಕೆಲಸ ಮುಂದಿನ ಸ್ಟೀರಿಂಗ್ ನಕಲ್, ಅಂದರೆ ಆಕ್ಸಲ್ ತುದಿಯಲ್ಲಿ ಚಕ್ರ ತಿರುಗುವ ಕೀಲು. ಹಳೇ ಜಿಪ್ಸಿ ಸ್ಟೀರಿಂಗ್ ನಡುಗುತ್ತದೆ ಅಂತ ಎಲ್ಲರೂ ವೀಲ್ ಬ್ಯಾಲೆನ್ಸಿಂಗ್‌ಗೆ ಓಡುತ್ತಾರೆ, ಬಹಳ ಸಲ ರೋಗ ಇರುವುದು ಇಲ್ಲಿ. ಮುಂದಿನ ಆಕ್ಸಲ್ ಜ್ಯಾಕ್ ಮಾಡಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ, ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ (ನಕಲ್ ತಿರುಗುವ ಗೂಟ) ಬೇರಿಂಗ್. ಇನ್ನೊಂದು ಗುರುತು: ಚಕ್ರದ ಹಿಂದೆ ಕಾಣುವ ಗುಂಡನೆಯ ಚಿಪ್ಪನ್ನು ಬೆರಳಿಂದ ಒರೆಸಿ ನೋಡಿ. ದಪ್ಪ ಗ್ರೀಸ್ ಅಂಟಿದರೆ ಸರಿ. ತೆಳ್ಳಗೆ ಕಪ್ಪು ಎಣ್ಣೆ ಸೋರುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಎಣ್ಣೆ ಗ್ರೀಸಿಗೆ ಸೇರಿದೆ. ಆಗ ಹೇಗೂ ಬಿಚ್ಚುತ್ತೀರಲ್ಲ, ಎರಡೂ ಕಡೆ ಬೇರಿಂಗು, ಒಳ ಸೀಲು, ಹೊರಗಿನ ಫೆಲ್ಟ್ ಎಲ್ಲ ಹೊಸದು ಹಾಕಿಸಿ. ಕಿಂಗ್‌ಪಿನ್ ಕೆಳಗೆ ಶಿಮ್ ಅನ್ನುವ ತೆಳ್ಳನೆಯ ತಗಡುಗಳು ಇರುತ್ತವೆ. ಯಾವುದು ಎಡ, ಯಾವುದು ಬಲ, ಯಾವುದು ಮೇಲಿನದು ಅಂತ ಚೀಟಿ ಕಟ್ಟಿ ಇಡಿ, ಒಂದೇ ಡಬ್ಬಿಗೆ ಸುರಿದರೆ ಸಂಜೆವರೆಗೂ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಜೋಡಿಸುವಾಗ ಬಿಗಿ ಎಷ್ಟಿರಬೇಕು ಅಂತ ಮ್ಯಾನುಯಲ್‌ನಲ್ಲಿದೆ, ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆದು ನೋಡುವುದು. ಕೈ ಅಂದಾಜಿಗೆ ಬಿಡಬೇಡಿ.

ಎಂಜಿನ್ ಶಕ್ತಿಯನ್ನು ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ರಬ್ಬರ್ ಮೌಂಟ್‌ಗಳ ಮೇಲೆ ನೇತಾಡುತ್ತದೆ. ಕ್ಲಚ್ ಬಿಟ್ಟಾಗ ಕೆಳಗಿಂದ ಧಡ್ ಅಂದರೆ ಮೊದಲು ಆ ರಬ್ಬರ್ ನೋಡಿ, ಆಮೇಲೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು. ಬ್ರೇಕ್ ಪೈಪು, ಹೋಸ್, ವೀಲ್ ಸಿಲಿಂಡರ್, ಟೈರಾಡ್ ಎಂಡ್‌ಗಳು, ಸ್ಪ್ರಿಂಗ್ ಬುಷ್ ಎಲ್ಲ ಯೋಚನೆ ಮಾಡದೆ ಬದಲಾಯಿಸಿ. ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ತೆಗೆದು ಹೊಸ ಜಿಎಲ್-5 ಗೇರ್ ಎಣ್ಣೆ ಹಾಕಿ, ಅವುಗಳ ಒಳಗೆ ಗಾಳಿ ಆಡುವ ಬ್ರೀದರ್ ಪೈಪುಗಳನ್ನು ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿ. ಬಂಡೆ ಇರುವ ಕಡೆ ಹಳ್ಳವೂ ಇರುತ್ತದೆ. ಬೆಂಗಳೂರಲ್ಲಿದ್ದರೆ ಜೆಸಿ ರೋಡಲ್ಲಿ ಒಂದು ಬೆಳಗ್ಗೆ ಸುತ್ತಿದರೆ ಇದರಲ್ಲಿ ಬಹುಪಾಲು ಸಿಗುತ್ತದೆ. ಹಳೇ ಪಾರ್ಟ್ ಕೈಯಲ್ಲಿ ಹಿಡಿದೇ ಹೋಗಿ.

ಟೈರ್ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಕಿಂಗ್‌ಗೆ ಬರುವ 205/70 ಆರ್15 ಸುಮಾರು 26 ಇಂಚು ಎತ್ತರ. 235/75 ಆರ್15 ಹಾಕಿದರೆ 29ರ ಹತ್ತಿರ. ನನ್ನ ಪ್ರಕಾರ ರೋಡಿಗೂ ಓಡಿಸುವ ಗಾಡಿಗೆ ಅಷ್ಟೇ ಸಾಕು. 31 ಇಂಚಿಗೆ ಹೋದರೆ ಗೇರಿಂಗ್ ಅಷ್ಟೂ ಕೆಡುತ್ತದೆ, ಮುಂದಿನ ಆಕ್ಸಲ್ ಜಾಯಿಂಟ್ ಮುರಿಯುವ ಸಾಧ್ಯತೆಯೂ ಜಾಸ್ತಿ. ಟೈರಿಗಿಂತ ಗಾಳಿ ದೊಡ್ಡದು. ಬಂಡೆಗೆ ಇಳಿಯುವ ಮುಂಚೆ 15 ಪಿಎಸ್‌ಐವರೆಗೆ ಇಳಿಸಿ ನೋಡಿ, ಟೈರು ಕಲ್ಲಿನ ಮೇಲೆ ಜಾರುವ ಬದಲು ಕಲ್ಲನ್ನು ತಬ್ಬಿಕೊಳ್ಳುತ್ತದೆ. ವಾಪಸ್ ಟಾರ್ ರೋಡ್ ಸೇರುವ ಮುಂಚೆ ತುಂಬಿಸಲೇಬೇಕು, ಹಾಗಾಗಿ ಒಂದು 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಗೇರ್ ಲೆಕ್ಕ ಸುಲಭ. ಫಸ್ಟ್ ಗೇರ್, ಟ್ರಾನ್ಸ್‌ಫರ್ ಕೇಸಿನ ಲೋ, ಡಿಫರೆನ್ಷಿಯಲ್ ಮೂರನ್ನೂ ಗುಣಿಸಿ. ಇದೇ ವಂಶದ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಮಾರಾಟವಾಗುತ್ತಿತ್ತಲ್ಲ, ಅದರಲ್ಲಿ 3.652, 2.268, 3.727 ಗುಣಿಸಿದರೆ ಸುಮಾರು 31 ಬರುತ್ತದೆ. ಅಂದರೆ ಎಂಜಿನ್ 31 ಸುತ್ತಿದರೆ ಚಕ್ರ ಒಂದು ಸುತ್ತು. ಅಲ್ಲಿಯವರು ಟ್ರಾನ್ಸ್‌ಫರ್ ಕೇಸ್ ಒಳಗೆ 4.16ರ ಲೋ ಗೇರ್ ಹಾಕಿ ಅದನ್ನು 57ರ ಹತ್ತಿರ ತರುತ್ತಾರೆ. ಆ ಗೇರ್ ಸೆಟ್ ತರಿಸುವ ಮುಂಚೆ ನಿಮ್ಮ ಕೇಸ್ ಬಿಚ್ಚಿ ಹಲ್ಲು ಎಣಿಸಿ, ಶಾಫ್ಟ್ ಅಳತೆ ತಾಳೆ ನೋಡಿ. ದುಬಾರಿ ಹೌದು, ಆದರೆ ಒಂದೇ ಒಂದು ದೊಡ್ಡ ಖರ್ಚು ಮಾಡುವುದಾದರೆ ನಾನು ಇದಕ್ಕೇ ಮಾಡುತ್ತೇನೆ.

ಆಮೇಲೆ ಲಾಕರ್. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದೊಂದೇ ಸುತ್ತುತ್ತದೆ, ನೆಲದ ಮೇಲಿರುವುದು ಸುಮ್ಮನೆ ನಿಲ್ಲುತ್ತದೆ. ಹಿಂದಿನ ಆಕ್ಸಲ್‌ಗೆ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಲಾಕರ್ ಒಂದಿದ್ದರೆ ಸಾಕು. ಒಳಗಿನ ಗೇರ್‌ಗಳನ್ನೇ ವೆಲ್ಡ್ ಮಾಡಿಬಿಡಿ ಅನ್ನುವವರು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ಟ್ರಕ್ ಮೇಲೆ ಹೊತ್ತುಕೊಂಡು ಹೋಗುವ ಸ್ಪರ್ಧೆ ಗಾಡಿಗೆ ಅದು ಸರಿ. ಮಳೆಯಲ್ಲಿ ಘಾಟಿ ಇಳಿಯುವ ಗಾಡಿಗೆ ಬೇಡವೇ ಬೇಡ.

ಲಿಫ್ಟ್ ಬೇಕೇ ಬೇಕು ಅಂದರೆ ಎರಡು ಇಂಚು. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್ ಕೆಳಗಿರುತ್ತದೆ, ಅದನ್ನು ಮೇಲಕ್ಕೆ ತಂದು ಕೂರಿಸಿದರೆ ಒಂದೇ ಏಟಿಗೆ ಐದು ಇಂಚಿನಷ್ಟು ಏಳುತ್ತದೆ, ಸ್ಟೀರಿಂಗ್ ರಾಡು, ಶಾಫ್ಟ್ ಕೋನ, ಬ್ರೇಕ್ ಹೋಸ್ ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಗುತ್ತದೆ. ಬರೀ ಉದ್ದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಸ್‌ಗೆ ಕಟ್ಟುವ ಕೊಂಡಿ) ಹಾಕುವುದೂ ಬೇಡ, ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕೆಟ್ಟು ಗಾಡಿ ರೋಡಲ್ಲಿ ಅಲೆಯುತ್ತದೆ. ಏನೇ ಮಾಡಿದರೂ ಒಂದು ಚಕ್ರ ಪೂರ್ತಿ ಕೆಳಗೆ ಜೋತು ಬೀಳುವ ಹಾಗೆ ಜ್ಯಾಕ್ ಮಾಡಿ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತಿದೆಯಾ ಅಂತ ಮುಟ್ಟಿ ನೋಡಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಿ.

ಬಾಡಿಗೆ ಕಲ್ಲು ತಾಗದ ಹಾಗೆ ಬದಿಗೆ ಹಾಕುವ ಪೈಪು, ಅಂದರೆ ರಾಕ್ ಸ್ಲೈಡರ್, ಚಾಸಿಸ್‌ಗೇ ವೆಲ್ಡ್ ಆಗಬೇಕು. ಬಾಡಿಗೆ ಬೋಲ್ಟ್ ಹಾಕಿದ್ದು ಬರೀ ಫುಟ್‌ಬೋರ್ಡ್. ಟ್ರಾನ್ಸ್‌ಫರ್ ಕೇಸ್ ಕೆಳಗೆ, ಪೆಟ್ರೋಲ್ ಟ್ಯಾಂಕ್ ಕೆಳಗೆ ದಪ್ಪ ಪ್ಲೇಟ್ ಕೊಡಿ. ಎಳೆಯುವುದಕ್ಕೆ ಹಿಂದೆ ಮುಂದೆ ಚಾಸಿಸ್‌ಗೆ ಕಟ್ಟಿದ ಕೊಕ್ಕೆ ಇರಲಿ, ಟ್ರೈಲರ್ ಬಾಲ್‌ಗೆ ಹಗ್ಗ ಹಾಕಿ ಯಾವತ್ತೂ ಎಳೆಯಬೇಡಿ, ಅದು ಕಿತ್ತು ಬಂದರೆ ಗುಂಡಿನ ಹಾಗೆ ಬರುತ್ತದೆ. ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಹಾಕುವುದಾದರೆ 8000 ಪೌಂಡಿನದು ಈ ತೂಕಕ್ಕೆ ಧಾರಾಳ.

ಈಗ ಸಿಂಗಾರ. ಸೀಟು, ಕ್ಯಾನ್ವಾಸ್ ಟಾಪು, ಸ್ವಿಚ್ ಪ್ಯಾನೆಲ್ಲು, ಒದ್ದೆ ಬಟ್ಟೆ ಹಾಕುವ ಡಬ್ಬ, ಇದೆಲ್ಲ ನಿಮ್ಮಿಷ್ಟ. ಫ್ಲೋರಿಗೆ ಕಾರ್ಪೆಟ್ ಮಾತ್ರ ಹಾಕಬೇಡಿ, ಒಳಗೊಳಗೇ ತುಕ್ಕು ಹಿಡಿಯುತ್ತದೆ. ಬಣ್ಣ ಬದಲಾಯಿಸುವ ಮುಂಚೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಷನ್ ಬದಲಾಯಿಸುವ ಹಾಗಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಮತ್ತೆ ಹೇಳಿದೆ. ಮುಂದಿನ ಬುಲ್ ಬಾರ್ ವಿರುದ್ಧ ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಜಾಸ್ತಿ ಬದಲಾವಣೆ ಮಾಡಿದ ಗಾಡಿಯನ್ನು ಖಾಸಗಿ ಜಾಗದವರೆಗೆ ಟ್ರಕ್ಕಲ್ಲಿ ಒಯ್ಯುವುದೇ ನೆಮ್ಮದಿ.

ಜಾಗ ಅಂದರೆ, ರಾಮನಗರದ ಬಂಡೆಗಳನ್ನು ನೋಡಿ ಕೈ ತುರಿಸುವುದು ಸಹಜ. ರಾಮದೇವರಬೆಟ್ಟ ರಣಹದ್ದುಗಳ ಧಾಮ, ಹಂಪಿ ಸುತ್ತಮುತ್ತ ಪಾರಂಪರಿಕ ತಾಣ, ಎರಡೂ ಕಡೆ ಹೆಸರೆತ್ತಬೇಡಿ. ಕೊಡಗು, ಸಕಲೇಶಪುರದ ಕಡೆ ಪರಿಚಯದವರ ಎಸ್ಟೇಟ್ ಇದ್ದರೆ ಕೇಳಿಕೊಂಡು ಹೋಗಿ, ಇನ್ನೊಂದು ಗಾಡಿ ಜೊತೆಗಿರಲಿ. ಮೊದಲ ದಿನ ಮೊಣಕಾಲೆತ್ತರದ ಕಲ್ಲು ಸಾಕು. ಲೋ ಫಸ್ಟ್‌ನಲ್ಲಿ ಹತ್ತಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿಕೊಂಡು ಆಕ್ಸಿಲರೇಟರ್ ತುಳಿಯಬೇಡಿ, ಜಾಯಿಂಟ್ ಮುರಿಯುವುದು ಆವಾಗಲೇ. ಮನೆಗೆ ಬಂದು ತೊಳೆದ ಮೇಲೆ ಯು-ಬೋಲ್ಟ್, ಶ್ಯಾಕಲ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ, ಡಿಫರೆನ್ಷಿಯಲ್ ಎಣ್ಣೆಗೆ ನೀರು ಸೇರಿ ಹಾಲು ಬಣ್ಣ ಬಂದಿದೆಯಾ ನೋಡಿ, ಬಂದಿದ್ದರೆ ಅವತ್ತೇ ಬದಲಾಯಿಸಿ.