ಮೇಲಿನ ಮನೆಯ ಕುರ್ಚಿ, ಕೆಳಗಿನ ಮನೆಯ ನಿದ್ದೆ

ಮೇಲಿನ ಮನೆಯವರ ಸದ್ದಿನ ಬಗ್ಗೆ ಯಾರಾದರೂ ಗೋಳು ಹೇಳಿಕೊಂಡರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಅವರ ಮಾತು ಕೇಳಿಸುತ್ತಾ, ಇಲ್ಲ ಬರೀ ದಡಬಡ ಕೇಳಿಸುತ್ತಾ? ಹೆಚ್ಚಿನವರು ಸ್ವಲ್ಪ ಯೋಚಿಸಿ, ಮಾತೇನೂ ಕೇಳಲ್ಲ, ದಡಬಡಾನೇ ಅನ್ನುತ್ತಾರೆ. ನಮ್ಮ ಬಾಡಿಗೆ ಫ್ಲಾಟ್‌ನಲ್ಲೂ ಹಾಗೇ ಇತ್ತು. ಮೇಲೆ ಯಾರಾದರೂ ಜಗಳ ಆಡಿದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಚಮಚ ಕೆಳಗೆ ಬಿದ್ದರೆ ನಾನು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ.

ಇದಕ್ಕೆ ಕಾರಣ ಇದೆ. ಕಾಂಕ್ರೀಟ್ ಸ್ಲ್ಯಾಬ್ ತುಂಬಾ ಭಾರ. ಗಾಳಿಯಲ್ಲಿ ಬರುವ ಮಾತಿಗಾಗಲಿ ಟೀವಿ ಸದ್ದಿಗಾಗಲಿ ಅದನ್ನು ಅಲುಗಾಡಿಸುವಷ್ಟು ಶಕ್ತಿ ಇಲ್ಲ. ಕುರ್ಚಿ ಎಳೆದಾಗ, ಹಿಮ್ಮಡಿ ಊರಿ ನಡೆದಾಗ, ಏನಾದರೂ ಬಿದ್ದಾಗ ಮಾತ್ರ ಪೆಟ್ಟು ನೇರವಾಗಿ ಸ್ಲ್ಯಾಬಿಗೇ ಬೀಳುತ್ತದೆ. ಆಗ ಸ್ಲ್ಯಾಬೇ ನಡುಗುತ್ತದೆ, ಕೆಳಗಿನವರಿಗೆ ಅದೇ ದೊಡ್ಡ ಸ್ಪೀಕರ್. ಆ ನಡುಕ ಗೋಡೆಗಳಿಗೂ ಇಳಿಯುವುದರಿಂದ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಸರಿಯಾಗಿ ತಿಳಿಯುವುದೂ ಇಲ್ಲ.

ಈ ಒಂದು ವಿಷಯ ಗೊತ್ತಿದ್ದರಿಂದ ನನಗೆ ಸಾಕಷ್ಟು ದುಡ್ಡು ಉಳಿಯಿತು. ಸೀಲಿಂಗಿಗೆ ಫೋಮ್ ಅಂಟಿಸು, ಮೊಟ್ಟೆ ಟ್ರೇ ಹೊಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಫೋಮ್ ಮಾಡುವ ಕೆಲಸ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುವುದು. ಮೇಲಿಂದ ಬರುವ ಪೆಟ್ಟನ್ನು ಅದು ತಡೆಯುವುದಿಲ್ಲ. ಮೊಟ್ಟೆ ಟ್ರೇಯಿಂದ ಆ ಪ್ರತಿಧ್ವನಿಯೂ ಅಷ್ಟೇನೂ ಕಮ್ಮಿ ಆಗುವುದಿಲ್ಲ. ಕೆಳಗಿನಿಂದ ನಿಜವಾಗಿ ಕೆಲಸ ಮಾಡುವುದು ಅಂದರೆ ಸ್ಪ್ರಿಂಗ್ ಅಥವಾ ರಬ್ಬರ್ ಹಿಡಿಕೆಯಲ್ಲಿ ತೂಗುಬಿಟ್ಟ, ಒಳಗೆ ಮಿನರಲ್ ವೂಲ್ (ಕಲ್ಲು ಅಥವಾ ಗಾಜಿನ ಎಳೆಯ ಹತ್ತಿಯಂಥ ಪದರ) ತುಂಬಿದ, ಎರಡು ಪದರ ಜಿಪ್ಸಮ್ ಬೋರ್ಡಿನ ಸೀಲಿಂಗ್. ಹಾಗೆ ಮಾಡಿದರೂ ಗೋಡೆಯಲ್ಲಿ ಇಳಿಯುವ ಸದ್ದು ಉಳಿದೇ ಉಳಿಯುತ್ತದೆ. ಬಾಡಿಗೆಗೆ ಇರುವವರು ಬೇರೆಯವರ ಮನೆಗೆ ಅಷ್ಟು ದುಡ್ಡು ಸುರಿಯುತ್ತಾರಾ? ನಾನಂತೂ ಸುರಿಯಲಿಲ್ಲ.

ಅಂದರೆ ಮದ್ದು ಇರುವುದು ಮೇಲಿನ ಮನೆಯ ನೆಲದ ಮೇಲೆ. ಹಚ್ಚಬೇಕಾದವರು ಅವರು, ಉಪಯೋಗ ನಮಗೆ. ಹಾಗಾಗಿ ಅವರ ಜೊತೆ ಮುಖ ಕೆಡಿಸಿಕೊಂಡರೆ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡ ಹಾಗೆ. ಮುಂದೆ ನಾನು ಮಾಡಿದ್ದೆಲ್ಲ ಈ ಲೆಕ್ಕದ ಮೇಲೆಯೇ.

ಮೊದಲು ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆಯ ಮೇಲೆ, ಎಂಥ ಸದ್ದು, ಎಷ್ಟು ಹೊತ್ತು ಇತ್ತು, ಇಷ್ಟೇ. "ತಲೆ ಕೆಟ್ಟುಹೋಯಿತು" ಅಂತೆಲ್ಲ ಬರೆಯಲಿಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಕೆಲವು ದಿನಗಳಲ್ಲೇ ಒಂದು ಚಿತ್ರ ಸಿಕ್ಕಿತು. ಇಡೀ ದಿನ ಗಲಾಟೆ ಅಂತ ಅನಿಸುತ್ತಿದ್ದದ್ದು ನಿಜವಾಗಿ ನಾಲ್ಕು ಬೇರೆ ಬೇರೆ ಸದ್ದು. ರಾತ್ರಿ ಊಟದ ಹೊತ್ತಿಗೆ ಕುರ್ಚಿ ಎಳೆಯುವ ಕರ್ರ್ ಸದ್ದು. ಅದಾದ ಮೇಲೆ ಮಗುವಿನ ಓಟ. ತಡರಾತ್ರಿ ಭಾರವಾದ ಹೆಜ್ಜೆ. ಇವುಗಳ ನಡುವೆ ಹೊತ್ತುಗೊತ್ತಿಲ್ಲದೆ ಬರುವ ವಾಷಿಂಗ್ ಮೆಷಿನ್. ನಾಲ್ಕಕ್ಕೂ ಮದ್ದು ಬೇರೆ. "ನಿಮ್ಮ ಮನೆಯಿಂದ ತುಂಬಾ ಸದ್ದು ಬರುತ್ತೆ" ಅಂತ ಹೇಳಿದರೆ ಕೇಳಿದವರು ಏನು ತಾನೇ ಮಾಡಿಯಾರು?

ಐದನೆಯದೂ ಒಂದಿತ್ತು. ಟಕ್, ಟಕ್ ಟಕ್ ಅಂತ ಗೋಲಿ ಬಿದ್ದು ಪುಟಿದ ಹಾಗೆ, ಅದೂ ಮಧ್ಯರಾತ್ರಿ. ಇದನ್ನು ಅವರ ತಲೆಗೆ ಕಟ್ಟುವ ಮೊದಲು ಪರೀಕ್ಷೆ ಮಾಡೋಣ ಅನಿಸಿತು. ನಮ್ಮದೇ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಟಪ್ಪನೆ ಮುಚ್ಚಿದೆ. ಅದೇ ಸದ್ದು! ಹರಿಯುತ್ತಿರುವ ನೀರು ತಟ್ಟನೆ ನಿಂತಾಗ ಒತ್ತಡ ಪೈಪಿಗೆ ಬಡಿಯುತ್ತದೆ, ಕ್ಲ್ಯಾಂಪ್ ಸಡಿಲ ಇದ್ದರೆ ಪೈಪು ಗೋಡೆಗೆ ಹೊಡೆಯುತ್ತದೆ. ಪ್ಲಂಬರ್‌ಗಳು ಇದನ್ನು ವಾಟರ್ ಹ್ಯಾಮರ್ ಅನ್ನುತ್ತಾರೆ. ಕಟ್ಟಡದಲ್ಲಿ ಯಾರು ನಲ್ಲಿ ಮುಚ್ಚಿದರೂ ಬರಬಹುದು. ಓನರ್‌ಗೆ ಹೇಳಿ ಕ್ಲ್ಯಾಂಪ್ ಬಿಗಿ ಮಾಡಿಸಿದೆವು. ಮೇಲೆ ಯಾರೂ ಇಲ್ಲದ ಮನೆಯಲ್ಲಿ ರಾತ್ರಿ ಗೋಲಿ ಆಡುವ ಸದ್ದು ಅಂತ ಹೇಳುವ ಎಷ್ಟೋ ಕಥೆಗಳ ಹಿಂದೆ ಇಂಥ ಪೈಪು ಇದ್ದರೆ ನನಗೇನೂ ಆಶ್ಚರ್ಯ ಇಲ್ಲ.

ಫೋನಿನ ಡೆಸಿಬೆಲ್ ಆ್ಯಪ್ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯೊಳಗೆ ಸತತ ಸದ್ದು 30 ಡೆಸಿಬೆಲ್ ಒಳಗೆ, ಬಿಡಿ ಸದ್ದು 45ರ ಒಳಗೆ ಇರಬೇಕು ಅಂತ ಹೇಳಿದೆ. ಆ್ಯಪ್ ಹಿಡಿದು ಈ ಲೆಕ್ಕ ತೋರಿಸಿ ಜಗಳ ಗೆಲ್ಲಬಹುದು ಅಂದುಕೊಂಡರೆ ಕಷ್ಟ. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ತಗ್ಗು ದನಿಯ, ಅಂದರೆ ಗುಡುಗಿನಂಥ ದಪ್ಪ ಸ್ವರದ, ಸದ್ದನ್ನು ಕಡಿಮೆ ಮಾಡಿ ಲೆಕ್ಕ ಹಾಕುತ್ತವೆ. ಹಿಮ್ಮಡಿಯ ಧಡ್ ಸದ್ದು ಹೆಚ್ಚುಕಡಿಮೆ ಪೂರ್ತಿ ತಗ್ಗು ದನಿಯದು. ಎದೆಗೆ ಗುದ್ದಿದ ಹಾಗೆ ಅನಿಸಿದರೂ ಪರದೆಯ ಮೇಲೆ ಚಿಲ್ಲರೆ ಅಂಕಿ ಕಾಣುತ್ತದೆ. ಅದನ್ನು ತೋರಿಸಿದರೆ ನಮ್ಮ ಕೇಸೇ ಬಿದ್ದುಹೋಗುತ್ತದೆ.

ಮೇಲೆ ಹೋಗಿ ಮಾತಾಡಿದ್ದು ರಜೆಯ ದಿನ, ಬೆಳಗ್ಗೆ ತಿಂಡಿ ಮುಗಿದ ಹೊತ್ತಿಗೆ. ಸದ್ದು ಆಗುತ್ತಿರುವಾಗಲೇ ಹೋಗಿ ಬಾಗಿಲು ಬಡಿದರೆ ನಮ್ಮ ಮುಖದಲ್ಲಿ ಸಿಟ್ಟು ಇರುತ್ತದೆ, ಅವರಿಗೆ ಗಾಬರಿ ಇರುತ್ತದೆ, ಮಾತು ನೆಟ್ಟಗೆ ಸಾಗುವುದಿಲ್ಲ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೆಸೇಜ್ ಹಾಕುವುದು ಇನ್ನೂ ಕೆಟ್ಟದ್ದು. ನಾಲ್ಕು ಜನರ ಮುಂದೆ ಮಾನ ಹೋದವರು ಆಮೇಲೆ ಕುರ್ಚಿಯನ್ನು ಬೇಕಂತಲೇ ಎಳೆಯುತ್ತಾರೆ. ಪೊರಕೆ ಹಿಡಿಯಿಂದ ಸೀಲಿಂಗ್ ಕುಟ್ಟುವುದೂ ಅಷ್ಟೇ. ಯಾವುದಕ್ಕೆ ಕುಟ್ಟಿದ್ದು ಅಂತ ಮೇಲಿನವರಿಗೆ ಹೇಗೆ ಗೊತ್ತಾಗಬೇಕು?

ಬಾಗಿಲು ತೆಗೆದ ಹೆಂಗಸು ನನಗಿಂತ ಸ್ವಲ್ಪ ದೊಡ್ಡವರು. "ಅಕ್ಕ, ನಾವು ಕೆಳಗಡೆ ಮನೆಯವರು. ಒಂದು ಸಣ್ಣ ಸಹಾಯ ಬೇಕಿತ್ತು" ಅಂದೆ. ವಿಷಯ ಕೇಳಿದ ಕೂಡಲೇ ಅವರ ಮುಖ ಸ್ವಲ್ಪ ಬಿಗಿಯಾಯಿತು. "ನಾವೇನು ಗಲಾಟೆ ಮಾಡೋ ಜನ ಅಲ್ವಲ್ರೀ. ಟೀವಿ ಕೂಡ ಮೆಲ್ಲಗೆ ಇಟ್ಟಿರ್ತೀವಿ" ಅಂದರು. ಅದು ನಿಜವೇ. ಟೀವಿ ಒಂದು ದಿನವೂ ನಮಗೆ ಕೇಳಿಸಿರಲಿಲ್ಲ. ಅದನ್ನೇ ಹೇಳಿದೆ. "ಟೀವಿ ಕೇಳಲ್ಲ ಅಕ್ಕ, ನಿಮ್ಮ ಮಾತೂ ಕೇಳಲ್ಲ. ಒಂದೈದು ನಿಮಿಷ ನಮ್ಮನೆಗೆ ಬಂದು ನಿಂತ್ಕೊಳ್ಳಿ, ಆಮೇಲೆ ಹೇಳಿ" ಅಂದೆ.

ಅವರು ಕೆಳಗೆ ಬಂದರು, ಅವರ ಮಗಳು ಮೇಲೆ ಉಳಿದಳು. ಫೋನಿನಲ್ಲಿ ಹೇಳಿ ಅವಳ ಕೈಲಿ ಊಟದ ಕುರ್ಚಿ ಎಳೆಸಿದೆವು. ನಮ್ಮ ಸೀಲಿಂಗಿನಲ್ಲಿ ಕರ್ರ್ ಅಂದ ತಕ್ಷಣ ಅವರು ತಲೆ ಎತ್ತಿ, "ಅಯ್ಯೋ, ಇಷ್ಟು ಜೋರಾಗಿ ಕೇಳುತ್ತಾ!" ಅಂದುಬಿಟ್ಟರು. ನೂರು ಮೆಸೇಜ್ ಕಳಿಸಿದರೂ ಆಗದ ಕೆಲಸ ಅದು. ತಮ್ಮ ಮನೆಯ ಸದ್ದು ಕೆಳಗೆ ಹೇಗೆ ಕೇಳುತ್ತದೆ ಅಂತ ಯಾರೂ ಕೇಳಿಸಿಕೊಂಡಿರುವುದೇ ಇಲ್ಲ. ಮೇಲೆ ನಿಂತವರಿಗೆ ಅದು ಬರೀ ಕುರ್ಚಿ ಸರಿದ ಸದ್ದು.

ಆಮೇಲೆ ನಾನೇ ಮೇಲೆ ಹೋಗಿ ಆ ಕುರ್ಚಿಗಳನ್ನು ತಿರುಗಿಸಿ ನೋಡಿದೆ. ಕಬ್ಬಿಣದ ಪೈಪಿನ ಕಾಲು, ತುದಿಗೆ ಕಪ್ಪು ಪ್ಲಾಸ್ಟಿಕ್ ಬುಶ್. ಒಂದರಲ್ಲಿ ಬುಶ್ ಸವೆದು ತಳವೇ ಹೋಗಿತ್ತು, ಸುತ್ತ ಬಳೆಯಷ್ಟೇ ಉಳಿದಿತ್ತು, ನಡುವೆ ಕಬ್ಬಿಣ ಹೊಳೆಯುತ್ತಿತ್ತು. ನೆಲದ ಟೈಲ್ಸ್ ಮೇಲೂ ಬಿಲ್ಲಿನಾಕಾರದ ಗೀರು. ಅವರಿಗೇ ಟೈಲ್ಸ್ ಚಿಂತೆ ಹತ್ತಿತು, ನನ್ನ ಕೆಲಸ ಅರ್ಧ ಹಗುರವಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಂಟಿಸುವ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ದಪ್ಪ ಬಟ್ಟೆ) ಪ್ಯಾಡ್ ಎಲ್ಲರೂ ಹೇಳುವ ಮದ್ದು. ದಿನಾ ಎಳೆದಾಡುವ ಕುರ್ಚಿಗೆ ಅದು ಜಾಸ್ತಿ ದಿನ ನಿಲ್ಲುವುದಿಲ್ಲ. ಅಂಟು ಪಕ್ಕಕ್ಕೆ ಜಾರುತ್ತದೆ, ಅದಕ್ಕೆ ಕೂದಲು, ಧೂಳು ಮೆತ್ತಿಕೊಳ್ಳುತ್ತದೆ. ಮರಳಿನ ಕಣ ಸಿಕ್ಕಿಕೊಂಡರೆ ಫೆಲ್ಟೇ ನೆಲ ಗೀರುತ್ತದೆ. ಪೈಪಿನ ಕಾಲಿಗೆ ಸಾಕ್ಸಿನ ಥರ ಏರಿಸುವ, ತಳದಲ್ಲಿ ಫೆಲ್ಟ್ ಇರುವ ಸಿಲಿಕೋನ್ ಕ್ಯಾಪ್ ಒಳ್ಳೆಯದು. ಕಾಲಿನ ಸುತ್ತಳತೆ ತೆಗೆದುಕೊಂಡೇ ತರಬೇಕು, ಸಡಿಲ ಆದರೆ ಕಳಚಿಕೊಳ್ಳುತ್ತದೆ. ಮರದ ಕಾಲಾದರೆ ನಡುವೆ ಮೊಳೆ ಇರುವ ಫೆಲ್ಟ್ ಹೊಡೆಯಬಹುದು. ಕ್ಯಾಪ್‌ಗಳನ್ನು ನಾನೇ ತಂದುಕೊಟ್ಟೆ. ಅವರ ಕುರ್ಚಿಗೆ ನೀನ್ಯಾಕೆ ಖರ್ಚು ಮಾಡಬೇಕು ಅಂತ ಮನೆಯಲ್ಲಿ ಕೇಳಿದರು. ನಿದ್ದೆ ನಂದು ತಾನೇ!

ವಾಷಿಂಗ್ ಮೆಷಿನ್ ವಿಷಯ ಬೇಗ ಬಗೆಹರಿಯಿತು. ಮೆಷಿನ್ ನಾಲ್ಕು ಕಾಲಿನ ಮೇಲೂ ಸಮ ನಿಂತಿರಲಿಲ್ಲ, ಮೂಲೆ ಒತ್ತಿದರೆ ಅಲುಗಾಡುತ್ತಿತ್ತು. ಕೆಳಗಿನ ಕಾಲು ತಿರುಗಿಸಿ ಮಟ್ಟ ಮಾಡಿ, ಲಾಕ್ ನಟ್ ಬಿಗಿದು, ದಪ್ಪ ರಬ್ಬರ್ ಪ್ಯಾಡ್ ಇಟ್ಟೆವು. ಹೊಸ ಫ್ರಂಟ್ ಲೋಡ್ ಮೆಷಿನ್ ಕುಣಿದಾಡಿದರೆ ಸಾಗಿಸುವಾಗ ಡ್ರಮ್ ಅಲುಗದ ಹಾಗೆ ಹಿಂದೆ ಹಾಕಿರುವ ಬೋಲ್ಟ್ ತೆಗೆದಿದ್ದಾರಾ ಅಂತ ಮೊದಲು ನೋಡಬೇಕು, ಬಿಟ್ಟು ಹೋಗುವುದುಂಟು. ದಪ್ಪ ಹೊದಿಕೆ ಒಂದನ್ನೇ ಹಾಕಿದರೂ ಡ್ರಮ್ ಒಂದು ಕಡೆ ಭಾರವಾಗಿ ಬಡಿಯುತ್ತದೆ. ರಾತ್ರಿ ಹಾಕಲೇಬೇಕು ಅಂದರೆ ಸ್ಪಿನ್ ವೇಗ ಇಳಿಸಿ ಅಂತ ಕೇಳಿಕೊಂಡೆ, ಒಪ್ಪಿದರು.

ಮಗುವಿನ ಓಟಕ್ಕೆ ಏನು ಹೇಳುವುದು? ಮಗು ಓಡದೆ ಇನ್ನೇನು ಮಾಡುತ್ತೆ? ನಾನು ಕೇಳಿದ್ದು ಇಷ್ಟೇ, ರಾತ್ರಿ ಒಂಬತ್ತರ ಮೇಲೆ ಚೆಂಡು ಬೇಡ, ಆಟ ಹಾಲ್‌ನಲ್ಲಿ ಇರಲಿ, ನಮ್ಮ ಮಲಗುವ ಕೋಣೆಯ ಮೇಲೆ ಬೇಡ. ಹಾಲ್‌ನಲ್ಲಿ ಒಂದರೊಳಗೊಂದು ಸೇರಿಸುವ ದಪ್ಪ ಫೋಮ್ ಮ್ಯಾಟ್ ಹಾಸಿದರು. ತೆಳು ಕಾರ್ಪೆಟ್ಟಿನಿಂದ ಚಟಪಟ ಸದ್ದು ಕಮ್ಮಿ ಆಗುತ್ತದೆ, ಧಡ್ ಧಡ್ ಅಷ್ಟಾಗಿ ಹೋಗುವುದಿಲ್ಲ. ಅದಕ್ಕೆ ಅಡಿಯಲ್ಲಿ ದಪ್ಪನೆಯ ಮೆತ್ತೆ ಬೇಕು.

ಹೆಜ್ಜೆ ಮಾತ್ರ ಪೂರ್ತಿ ನಿಲ್ಲಲಿಲ್ಲ. ಆ ಮನೆಯ ಯಜಮಾನರಿಗೆ ತಡರಾತ್ರಿ ಮುಗಿಯುವ ಪಾಳಿ. ಹಿಮ್ಮಡಿ ಊರಿ ನಡೆಯುವುದು ಅವರ ನಡಿಗೆಯೇ. ಮೆತ್ತನೆ ಅಡಿಯ ಚಪ್ಪಲಿ ಹಾಕಿಕೊಂಡರು, ಸ್ವಲ್ಪ ಇಳಿಯಿತು. ಅಷ್ಟಕ್ಕಿಂತ ಹೆಚ್ಚು ಕೇಳುವುದು ನ್ಯಾಯ ಅಲ್ಲ ಅಂತ ನನ್ನ ಅನಿಸಿಕೆ. ದುಡಿದು ಬಂದ ಮನುಷ್ಯ ತನ್ನ ಮನೆಯೊಳಗೆ ಕಳ್ಳನ ಹಾಗೆ ನಡೆಯಬೇಕಾ?

ಉಳಿದದ್ದನ್ನು ನಮ್ಮ ಕಡೆಯಿಂದ ಸರಿ ಮಾಡಿಕೊಂಡೆವು. ಫ್ಲಾಟ್‌ಗಳ ನಕ್ಷೆ ಮೇಲೆ ಕೆಳಗೆ ಒಂದೇ ಇರುವುದರಿಂದ ನಮ್ಮ ಮಲಗುವ ಕೋಣೆಯ ಮೇಲೆಯೇ ಅವರದೂ ಇರುತ್ತದೆ. ಅವರು ತಡವಾಗಿ ಬಂದು ಓಡಾಡುವುದು ದೊಡ್ಡ ಕೋಣೆಯಲ್ಲಿ. ನಾವು ಚಿಕ್ಕ ಕೋಣೆಗೆ ಮಂಚ ಸಾಗಿಸಿ, ತಲೆಯ ಹಲಗೆ ಗೋಡೆಗೆ ತಾಗದ ಹಾಗೆ ಒಂದು ಕೈಯಗಲ ಬಿಟ್ಟೆವು. ಫ್ಯಾನಿನ ಸದ್ದಿನಂಥ ಒಂದೇ ಸಮನೆಯ ಸದ್ದು ಇದ್ದರೆ ಬಿಡಿ ಸದ್ದು ಅಷ್ಟಾಗಿ ಚುಚ್ಚುವುದಿಲ್ಲ. ಹೆಜ್ಜೆಗಾದರೆ ಸುಯ್ ಅನ್ನುವ ತೆಳ್ಳನೆಯ ವೈಟ್ ನಾಯ್ಸ್‌ಗಿಂತ, ದೂರದ ಜಲಪಾತದ ಮೊರೆತದಂಥ ತಗ್ಗು ದನಿಯ ಬ್ರೌನ್ ನಾಯ್ಸ್ ವಾಸಿ. ಫೋಮ್ ಇಯರ್ ಪ್ಲಗ್ ಕೆಲಸಕ್ಕೆ ಬರಲಿಲ್ಲ ಅನ್ನುವವರನ್ನು ಕೇಳಿದರೆ ಸುಮ್ನೆ ಕಿವಿಯ ತೂತಿನ ಬಾಯಿಗೆ ತುರುಕಿರುತ್ತಾರೆ. ಬೆರಳಲ್ಲಿ ಹೊಸೆದು ಕಡ್ಡಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಪ್ಲಗ್ ಒಳಗಿಡಬೇಕು. ಅದು ಉಬ್ಬುವ ತನಕ, ಸುಮಾರು 30 ಸೆಕೆಂಡ್, ಬೆರಳಿಂದ ಒತ್ತಿ ಹಿಡಿಯಬೇಕು. ಅಲಾರಂ ಕೇಳದೆ ಹೋಗಬಹುದು, ವೈಬ್ರೇಟ್ ಆಗುವ ವಾಚ್ ಕಟ್ಟಿಕೊಳ್ಳಿ.

ಇದೆಲ್ಲ ಬಾಗಿಲು ತೆಗೆದು ಮಾತಾಡುವ ಜನ ಸಿಕ್ಕಿದರೆ. ಇದಕ್ಕೂ ಮುಂಚಿನ ಬಾಡಿಗೆ ಮನೆಯಲ್ಲಿ ಮೇಲಿದ್ದವರು "ನಮ್ಮ ಮನೆ, ನಮ್ಮಿಷ್ಟ" ಅಂದು ಬಾಗಿಲು ಹಾಕಿಕೊಂಡಿದ್ದರು. ಅಲ್ಲಿ ಉಪಯೋಗಕ್ಕೆ ಬಂದದ್ದು ನೋಟ್‌ಬುಕ್. ಅದರ ಪುಟಗಳ ಫೋಟೋ ಹಾಕಿ ನಮ್ಮ ಓನರ್‌ಗೆ ಬರಹದಲ್ಲಿ ತಿಳಿಸಿದೆ. ಮೇಲಿನವರೂ ಬಾಡಿಗೆಯವರೇ ಆಗಿದ್ದರಿಂದ ಅವರ ಓನರ್‌ಗೂ ಸುದ್ದಿ ಹೋಯಿತು. ಸ್ವಲ್ಪ ದಿನ ತಣ್ಣಗಾಗಿ ಮತ್ತೆ ಶುರುವಾಯಿತು. ಕೊನೆಗೆ ಒಪ್ಪಂದದ ಅವಧಿ ಮುಗಿಯುವ ಮುಂಚೆಯೇ ಬಿಡುತ್ತೇವೆ ಅಂದಾಗ, ಓನರ್ ನೋಟಿಸ್ ಅವಧಿ ಬಿಟ್ಟುಕೊಟ್ಟಿದ್ದು ಆ ಬರಹ ಇದ್ದದ್ದರಿಂದಲೇ. ಬಾಯಲ್ಲಿ ಹೇಳಿದ್ದಕ್ಕೆ ಯಾರೂ ಬಗ್ಗುವುದಿಲ್ಲ.

ಮನೆ ಹುಡುಕುವವರಿಗೆ ನಾನು ಹೇಳುವುದು, ಮನೆ ನೋಡಲು ಮಧ್ಯಾಹ್ನ ಹೋಗಬೇಡಿ. ಆಗ ಮೇಲಿನವರು ಕೆಲಸಕ್ಕೆ, ಶಾಲೆಗೆ ಹೋಗಿರುತ್ತಾರೆ, ಯಾವ ಮನೆಯಾದರೂ ಶಾಂತವಾಗೇ ಇರುತ್ತದೆ. ರಾತ್ರಿ ಊಟದ ಹೊತ್ತಿಗೆ ಹೋಗಿ, ಫ್ಯಾನ್ ಆಫ್ ಮಾಡಿಸಿ ಮಲಗುವ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ತೋರಿಸಲು ಬಂದವರು ಮಾತಾಡುತ್ತಲೇ ಇರುತ್ತಾರೆ, ಒಂಚೂರು ಹಾಲ್‌ನಲ್ಲಿ ಕೂತಿರಿ ಅಂತ ಕಳಿಸಿಬಿಡಿ. ಕೊನೆಯ ಮಹಡಿ ಸಿಕ್ಕಿದರೆ ಈ ತಲೆನೋವೇ ಇಲ್ಲ ಅನ್ನುತ್ತಾರೆ. ಆದರೆ ನೆತ್ತಿಯ ಮೇಲೆ ಬಿಸಿಲಿಗೆ ಕಾದ ಸ್ಲ್ಯಾಬ್ ಇರುತ್ತದೆ, ನೀರಿನ ಟ್ಯಾಂಕೋ ಲಿಫ್ಟಿನ ಮೋಟರೋ ಅಲ್ಲೇ ಇದ್ದರೆ ಅದರ ಗುಂಯ್ ಸದ್ದೂ ಇರುತ್ತದೆ. ಅದನ್ನೂ ನೋಡಿಕೊಂಡೇ ಸಹಿ ಹಾಕಿ.